ಚೀನೀ ಭಾಷೆಯಲ್ಲಿ ದುಃಖದ ಮಾತು ಕಲಿತದ್ದು: ನನ್ನ ಅನುಭವ

ಚೀನೀ ಭಾಷೆಯಲ್ಲಿ ದುಃಖಕ್ಕೆ ಏನೇನು ಪದಗಳಿವೆ ಅಂತ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಸುಮ್ನೆ ಬಾಯಿಪಾಠ ಮಾಡಿದರೆ ಉಪಯೋಗ ಕಡಿಮೆ. ಯಾವ ಮಾತನ್ನು ಯಾರ ಮುಂದೆ ಆಡಬಹುದು ಅನ್ನೋದೇ ಅಲ್ಲಿ ದೊಡ್ಡ ವಿಷಯ. ಗ್ವಾಂಗ್‌ಝೌನಲ್ಲಿ ಕೆಲಸಕ್ಕಿದ್ದಾಗ ಜೊತೆಯವರ ಮನೆಯಲ್ಲಿ ಸಾವಾದಾಗೆಲ್ಲ ಏನು ಹೇಳಬೇಕು ಅನ್ನುವ ಪ್ರಶ್ನೆ ಬರುತ್ತಿತ್ತು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪದಗಳನ್ನು ಸಂದರ್ಭ ನೋಡಿ ಬರೆದುಕೊಳ್ಳಲು ಶುರು ಮಾಡಿದೆ. ಎದುರಿಗೆ ಆಡುವ ಮಾತು ಒಂದು ಕಡೆ, ಬರಹದ ಮಾತು ಇನ್ನೊಂದು ಕಡೆ, ಮೂರನೆಯವರ ಕಥೆ ಹೇಳುವಾಗ ಮಾತ್ರ ಬರುವ ಮಾತು ಮತ್ತೊಂದು ಕಡೆ.

ದಿನನಿತ್ಯದ ಮಾತಿಗೆ ಎರಡು ಪದ ಸಾಕು, 'ನಾನ್ ಗ್ವೊ' ಮತ್ತು 'ಷಾಂಗ್ ಶಿನ್'. ಬೇಜಾರು, ಮನಸ್ಸಿಗೆ ನೋವು ಅಂತೀವಲ್ಲ, ಅದೇ. 'ಬೇ ಷಾಂಗ್' ಸ್ವಲ್ಪ ಬರಹದ ಪದ. 'ಬೇ ಥೊಂಗ್' ಅದಕ್ಕಿಂತ ಭಾರ, ಸಾವಿನಂಥ ದೊಡ್ಡ ನಷ್ಟಕ್ಕೆ. 'ಆಯ್ ದಾವ್' ಅಂದರೆ ಸಾರ್ವಜನಿಕ ಶೋಕ. 2008ರ ಮೇ 12ರಂದು ಸಿಚುವಾನ್ ಪ್ರಾಂತ್ಯದ ವೆನ್‌ಛ್ವಾನ್‌ನಲ್ಲಿ ಭೂಕಂಪ ಆಗಿತ್ತಲ್ಲ, ಆಮೇಲೆ ಮೇ 19ರಿಂದ 3 ದಿನ ದೇಶವೇ ಶೋಕ ಆಚರಿಸಿತು, ಮೊದಲ ದಿನ ಮಧ್ಯಾಹ್ನ 2.28ಕ್ಕೆ, ಭೂಮಿ ನಡುಗಿದ್ದ ಅದೇ ಹೊತ್ತಿಗೆ, 3 ನಿಮಿಷ ಎಲ್ಲರೂ ಮೌನವಾಗಿ ನಿಂತರು. ಆ ಸುದ್ದಿಗಳ ವಿಡಿಯೋಗಳನ್ನು ಮತ್ತೆ ಮತ್ತೆ ಕೇಳಿ ನಾನು ಈ ಪದದ ತೂಕ ತಿಳಿದುಕೊಂಡೆ. ಪಕ್ಕದ ಮನೆಯವರ ಅಜ್ಜಿ ಹೋದರೆ ಅವರ ಮುಂದೆ ಯಾರೂ ಇದನ್ನು ಬಳಸುವುದಿಲ್ಲ.

ಸತ್ತರು ಅನ್ನುವುದಕ್ಕೆ 'ಸಿ' ಅಂತ ನೇರ ಪದ ಇದೆ, ಆದರೆ ದುಃಖದ ಮನೆಯಲ್ಲಿ ಅದು ಬಾಯಿಗೆ ಬರಬಾರದು. 'ಝೋ ಲ', ಅಂದರೆ ಹೋದರು. ಅಥವಾ 'ಛ್ಯು ಷಿ', ಲೋಕ ಬಿಟ್ಟರು. ಇದು ನಮಗೆ ಕಲಿಸಬೇಕಾದ್ದೇ ಇಲ್ಲ, ನಾವೂ ತೀರಿಕೊಂಡರು, ಹೋಗಿಬಿಟ್ಟರು ಅಂತಲೇ ಹೇಳೋದು ಅಲ್ವಾ.

ಇನ್ನು ಸಾಂತ್ವನ. ಎಲ್ಲರೂ ಹೇಳುವುದು 'ಜ್ಯೆ ಆಯ್ ಷುನ್ ಬ್ಯೆನ್'. ದುಃಖವನ್ನು ಮಿತಿಯಲ್ಲಿ ಇಟ್ಟುಕೊಳ್ಳಿ, ಆದ ಬದಲಾವಣೆಗೆ ಹೊಂದಿಕೊಳ್ಳಿ ಅಂತ ಅರ್ಥ. ಇದರ ಮೂಲ 'ಲಿ ಜಿ' ಎಂಬ ಹಳೆಯ ಆಚಾರ ಗ್ರಂಥದಲ್ಲಿದೆ. ಕಿವಿಗೆ ಉಪದೇಶದ ಹಾಗೆ ಕೇಳಿಸಬಹುದು, ಆದರೆ ಚೀನೀಯರಿಗೆ ಇದು ಗೌರವದ ಮಾತು, ವಾಕ್ಯ ಬದಲಿಸದೆ ಹಾಗೇ ಹೇಳಬೇಕು. ತೀರಾ ಹತ್ತಿರದವರಾದರೆ ನಾನು ಇಷ್ಟಕ್ಕೇ ನಿಲ್ಲಿಸುವುದಿಲ್ಲ. 'ಬಾವ್ ಜೊಂಗ್ ಷೆನ್ ಥಿ', ಅಂದರೆ ಆರೋಗ್ಯ ನೋಡಿಕೊಳ್ಳಿ ಅಂತ ಸೇರಿಸುತ್ತೇನೆ. ಸತ್ತವರನ್ನೇ ಕುರಿತು ಹೇಳುವುದಾದರೆ 'ಯಿ ಲು ಝೋ ಹಾವ್', ದಾರಿಯುದ್ದಕ್ಕೂ ಚೆನ್ನಾಗಿ ಹೋಗಿ ಬನ್ನಿ ಅನ್ನುವ ಥರದ ಮಾತು. ಇದರಲ್ಲಿ 'ಬನ್ನಿ' ಮಾತ್ರ ಇಲ್ಲ.

ನನಗೆ ಜಾಸ್ತಿ ಕಲಿಸಿದ್ದು 'ಫು ಗಾವ್', ಅಂದರೆ ಸಾವಿನ ಸೂಚನಾಪತ್ರ. ಚಿಕ್ಕ ಬರಹ, ಒಂದೇ ಅಚ್ಚಿನ ವಾಕ್ಯಗಳು, ಹೊಸಬರಿಗೆ ಓದಲು ಸುಲಭ. ಅದರಲ್ಲಿ ವಯಸ್ಸು ಬರೆಯುವ ರೀತಿ ನೋಡಿ. ಹಿರಿಯರು ತೀರಿಕೊಂಡರೆ 'ಶ್ಯಾಂಗ್ ನ್ಯೆನ್ 82' ಅಂತ ಇರುತ್ತದೆ. ಅನುಭವಿಸಿದ ವರ್ಷ 82 ಅಂತ. ಚಿಕ್ಕ ವಯಸ್ಸಿನವರಾದರೆ 'ನ್ಯೆನ್ ಜಿನ್', ಬರೀ ಇಷ್ಟೇ ವರ್ಷ. ಆ ಒಂದು ಪದದಲ್ಲೇ ಮನೆಯವರ ಸಂಕಟ ಎಲ್ಲಾ ಗೊತ್ತಾಗುತ್ತದೆ. ತುಂಬು ಬಾಳು ಬಾಳಿದವರ ಸಾವಿಗೆ 'ಶಿ ಸಾಂಗ್' ಅಂತಲೂ ಹೇಳುತ್ತಾರೆ, ಸಂತೋಷದ ಸಾವು ಅಂತ. ಅದನ್ನು ಮನೆಯವರು ಹೇಳಿದರೆ ಚೆಂದ, ಹೊರಗಿನವರು ತಾವಾಗಿ ಹೇಳಬಾರದು. ಎಲ್ಲಕ್ಕಿಂತ ಕಷ್ಟದ್ದು 'ಬಾಯ್ ಫಾ ರೆನ್ ಸೊಂಗ್ ಹೇ ಫಾ ರೆನ್', ಬಿಳಿ ಕೂದಲಿನವರು ಕಪ್ಪು ಕೂದಲಿನವರನ್ನು ಕಳಿಸಿಕೊಡುವುದು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯ ಮಾತು ಬಂದಾಗ ಜನ ಇದಿಷ್ಟನ್ನು ಹೇಳಿ ಸುಮ್ಮನಾಗುತ್ತಾರೆ.

ನಾಲ್ಕಕ್ಷರದ ನುಡಿಗಟ್ಟುಗಳನ್ನು ನಾನು ಕಥೆ ಸಮೇತ ಕಲಿತೆ, ಇಲ್ಲದಿದ್ದರೆ ನೆನಪಲ್ಲಿ ನಿಲ್ಲುವುದಿಲ್ಲ. 'ಗಾನ್ ಛಾಂಗ್ ತ್ಸುನ್ ದ್ವಾನ್' ತಗೊಳ್ಳಿ, ಪಿತ್ತಜನಕಾಂಗ ಮತ್ತು ಕರುಳು ಚೂರುಚೂರಾಗುವುದು. 4ನೇ ಶತಮಾನದ ಸೇನಾಪತಿ ಹ್ವಾನ್ ವೆನ್ ದೋಣಿಗಳಲ್ಲಿ ದಂಡು ತಗೊಂಡು ಯಾಂಗ್‌ತ್ಸೆ ನದಿಯ ಮೂರು ಕಣಿವೆಗಳ ಮೂಲಕ ಹೋಗುತ್ತಿದ್ದಾಗ ಅವನ ಕಡೆಯವನೊಬ್ಬ ಒಂದು ಕೋತಿಮರಿ ಹಿಡಿದನಂತೆ. ತಾಯಿ ಅಳುತ್ತಾ ದಡದುದ್ದಕ್ಕೂ ನೂರಕ್ಕೂ ಹೆಚ್ಚು ಲೀ (ಚೀನಾದ ದೂರದ ಅಳತೆ, ಒಂದು ಲೀ ಅಂದರೆ ಸುಮಾರು ಅರ್ಧ ಕಿಲೋಮೀಟರ್) ಹಿಂಬಾಲಿಸಿ ಬಂತು, ಕೊನೆಗೆ ದೋಣಿಗೆ ಹಾರಿ ಅಲ್ಲೇ ಪ್ರಾಣ ಬಿಟ್ಟಿತು. ಹೊಟ್ಟೆ ಸೀಳಿ ನೋಡಿದರೆ ಕರುಳು ತುಂಡುತುಂಡಾಗಿತ್ತು. ಸೇನಾಪತಿ ಸಿಟ್ಟಿನಿಂದ ಮರಿ ಹಿಡಿದವನನ್ನು ಕೆಲಸದಿಂದ ತೆಗೆದುಹಾಕಿದ. ಕರುಳು ಕಿತ್ತು ಬಂತು ಅನ್ನುವ ನಮಗೆ ಈ ನುಡಿಗಟ್ಟು ಒಂದೇ ಸಲಕ್ಕೆ ಒಳಗೆ ಇಳಿಯುತ್ತದೆ.

'ಯಿ ಲೇ ಶಿ ಮ್ಯೆನ್', ಕಣ್ಣೀರಲ್ಲೇ ಮುಖ ತೊಳೆಯುವುದು. ಇದು ದಕ್ಷಿಣ ತಾಂಗ್ ಎಂಬ ರಾಜ್ಯದ ಕೊನೆಯ ಅರಸ ಲಿ ಯು, ರಾಜ್ಯ ಕಳೆದುಕೊಂಡು, ಗೆದ್ದ ಸೋಂಗ್ ರಾಜವಂಶದ ರಾಜಧಾನಿಯಲ್ಲಿ ಸೆರೆಯಾಗಿದ್ದಾಗ ಕಾಗದದಲ್ಲಿ ಬರೆದ ಮಾತಿನಿಂದ ಬಂದದ್ದು. ಆ ಮೇಲೆ 978ರಲ್ಲಿ ತೀರಿಕೊಂಡ.

ಈ ಭಾರೀ ನುಡಿಗಟ್ಟುಗಳನ್ನು ದುಃಖದಲ್ಲಿರುವವರ ಎದುರು ಹೇಳಬೇಡಿ. ನಿಮ್ಮ ಕರುಳು ತುಂಡಾಗಿರಬೇಕು ಅಂತ ಯಾರಾದರೂ ಮುಖಕ್ಕೇ ಹೇಳುತ್ತಾರಾ? ಇವು ನಡೆದದ್ದನ್ನು ಇನ್ನೊಬ್ಬರಿಗೆ ಹೇಳುವಾಗ, ಬರೆಯುವಾಗ ಬರುವ ಮಾತುಗಳು. 'ರು ಸಾಂಗ್ ಖಾವ್ ಬಿ' ಬಗ್ಗೆ ಇನ್ನೂ ಹುಷಾರು. ಅಪ್ಪ ಅಮ್ಮ ಸತ್ತಂತೆ ಅಂತ ಪದಕ್ಕೆ ಪದ ಅರ್ಥ ಇದೆ, ಆದರೆ ಈಗ ಅದನ್ನು ಹಂಗಿಸಲು ಬಳಸುತ್ತಾರೆ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ಮುಖ್ಯ, ಅದು ನಮ್ಮ ಅಕ್ಷರಮಾಲೆಯಲ್ಲೇ ಇದೆ. ಸ್ವರದ ಏರಿಳಿತ ಮಾತ್ರ ಚೀನೀಯರ ಬಾಯಿಂದ ಕೇಳಿಯೇ ಕಲಿಯಬೇಕು. 'ಸಿ' ಒಂದು ಏರಿಳಿತದಲ್ಲಿ ಸಾವು, ಇನ್ನೊಂದರಲ್ಲಿ ನಾಲ್ಕು.

ಅಂತ್ಯಕ್ರಿಯೆಯಿಂದ ಹೊರಡುವಾಗ 'ಝಾಯ್ ಜ್ಯೆನ್', ಮತ್ತೆ ಸಿಗೋಣ, ಅನ್ನುವುದನ್ನು ತಪ್ಪಿಸುತ್ತಾರೆ. 'ಬಾವ್ ಜೊಂಗ್' ಅಂತ ಹೇಳಿ ತಲೆಬಾಗಿದರೆ ಸಾಕು. ಈಗ ನಾನು 'ವಾನ್ ಲ್ಯೆನ್' ಓದುತ್ತಿದ್ದೇನೆ, ಸತ್ತವರ ನೆನಪಿಗೆ ಬರೆಯುವ ಜೋಡಿ ಸಾಲುಗಳು. ಎರಡೂ ಸಾಲಿನ ಪ್ರತಿ ಅಕ್ಷರ ಒಂದಕ್ಕೊಂದು ಹೊಂದಬೇಕು, ಏರಿಳಿತ ಕೂಡ. ಓದಲು ಒಂದಿಷ್ಟು ಬರುತ್ತಿದೆ, ಬರೆಯೋದಕ್ಕೆ ಇನ್ನೂ ಟೈಮ್ ಬೇಕು.