ಮಳೆಗಾಲದಲ್ಲೂ ಕೈಕೊಡದ ಸಿಕಲ್ ಸೆಲ್ ಪರೀಕ್ಷೆ

ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ ಸಿಕಲ್ ಸೆಲ್. ರಕ್ತ ಹಾಕಿದ ದ್ರಾವಣ ಕಲಕಿ ಮಬ್ಬಾದರೆ ಪಾಸಿಟಿವ್ ಎನ್ನುವ ಸಾಲ್ಯುಬಿಲಿಟಿ ಪರೀಕ್ಷೆಯನ್ನು ಕೊಡಗಿನ ಮಳೆಗಾಲದಲ್ಲಿ ನಂಬುವಂತಿಲ್ಲ ಎಂಬುದು ನಮ್ಮ ಲ್ಯಾಬ್ ತಂತ್ರಜ್ಞರಲ್ಲಿ ಬೇರೂರಿದ ಮಾತು. “ಬೇಸಿಗೆಯಲ್ಲಿ ಮಾಡಿ, ಈಗ ಯಾಕೆ ದುಡ್ಡು ನೀರಿಗೆ ಹಾಕುತ್ತೀರಿ?” ಎಂದು ಜೊತೆಯವರೇ ಕೇಳಿದ್ದರು. ಈಗ ಎರಡು ಮಳೆಗಾಲ ತಿತಿಮತಿ, ಬಾಳೆಲೆ, ಕುಟ್ಟದ ಕಡೆಯ ಹಾಡಿಗಳಲ್ಲೂ ತೋಟದ ಲೈನ್‌ಮನೆಗಳಲ್ಲೂ ಅದನ್ನೇ ಮಾಡಿದ್ದೇನೆ. ಮೈಸೂರಿನಿಂದ ಬಂದ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಖಚಿತಪಡಿಸುವ ಯಂತ್ರಪರೀಕ್ಷೆ) ವರದಿಗಳು ನನ್ನ ಒಂದು ಪಾಸಿಟಿವ್ ಅನ್ನೂ ತಳ್ಳಿಹಾಕಿಲ್ಲ.

ಬೇಸಿಗೆಯವರೆಗೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಯರವ, ಜೇನುಕುರುಬ ಕುಟುಂಬಗಳು ತೋಟದಿಂದ ತೋಟಕ್ಕೆ ಹೋಗುತ್ತವೆ, ಮಗು ಪಟ್ಟಿಯಿಂದ ತಪ್ಪಿಹೋಗುತ್ತದೆ. ಎಸ್‌ಎಸ್ ಮಗುವಿಗೆ, ಎಂದರೆ ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದು ರೋಗವಿರುವ ಮಗುವಿಗೆ, ಎರಡು ವರ್ಷ ತುಂಬುವ ಹೊತ್ತಿಗೆ ಪಾರ್ಶ್ವವಾಯುವಿನ ಅಪಾಯ ತಲೆಯ ಮೇಲೆ ತೂಗುತ್ತಿರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ 20 ವರ್ಷ ತುಂಬುವ ಮೊದಲು 100ರಲ್ಲಿ ಸುಮಾರು 11 ಮಂದಿಗೆ ಹೊಡೆಯುತ್ತದೆ ಎಂಬುದು ಅಮೆರಿಕದ ಲೆಕ್ಕ.

ಮೊದಲ ಮಳೆಗಾಲ ಪೂರ್ತಿ ಹಾಳಾಯಿತು. ನೆಗೆಟಿವ್ ಮೇಲೆ ನೆಗೆಟಿವ್. ವಾಹಕ (ಒಂದೇ ಸಿಕಲ್ ಜೀನ್ ಇದ್ದು ರೋಗವಿಲ್ಲದವನು) ಎಂದು ಮೊದಲೇ ಗೊತ್ತಿರುವ ಒಬ್ಬನ ರಕ್ತವನ್ನು ಪ್ರತಿ ಬ್ಯಾಚಿನಲ್ಲೂ ಇಡುವ ಅಭ್ಯಾಸ ನನ್ನದು; ಆ ಟ್ಯೂಬೇ ಕಲಕದೆ ತಿಳಿಯಾಗಿ ನಿಂತಾಗ ದ್ರಾವಣಕ್ಕೆ ಬೆರೆಸುವ ಡೈಥಯೊನೈಟ್ ಪುಡಿಯೇ ಕಳ್ಳ ಎಂದು ಗೊತ್ತಾಯಿತು. ಬಾಟಲಿ ತೆರೆದು ವಾರವಾಗುವಷ್ಟರಲ್ಲಿ ಅದು ತೇವ ಎಳೆದುಕೊಂಡು ಸತ್ತಿರುತ್ತಿತ್ತು. ಅರ್ಧ ಕಿಲೋ ಬಾಟಲಿಗೆ ಏಳೆಂಟು ನೂರು ರೂಪಾಯಿ, ಹಾಗೆ ಮೂರು ನಾಲ್ಕು ಬಾಟಲಿ ಚರಂಡಿ ಸೇರಿದವು. ಸುಣ್ಣದ ಡಬ್ಬಿಯಲ್ಲಿಟ್ಟು ನೋಡಿದೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ, ಹುರಿದ ಅಕ್ಕಿಯ ನಡುವೆಯೂ ಹೂತಿಟ್ಟೆ. ಅಟ್ಟ ತಕ್ಕಮಟ್ಟಿಗೆ ಪರವಾಗಿಲ್ಲ, ಉಳಿದದ್ದು ವ್ಯರ್ಥ. ಈಗ ಚಿಕ್ಕ ಬಾಟಲಿ ತರಿಸಿ, ಒಂದು ದಿನಕ್ಕೆ ಬೇಕಾದಷ್ಟನ್ನೇ ತೂಗಿ ಪೊಟ್ಟಣ ಕಟ್ಟಿಡುತ್ತೇನೆ. ಪೊಟ್ಟಣ ಮುಚ್ಚುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬ್‌ಗೆ ಬಂದವರಿಗೆ ತೋರಿಸುತ್ತೇನೆ.

ಎರಡನೆಯ ತೊಡಕು ಮಕ್ಕಳ ರಕ್ತದ್ದೇ. ಹಿಮೋಗ್ಲೋಬಿನ್ ಆರೇಳಕ್ಕೆ ಇಳಿದ ಮಗುವಿನ ಪೂರ್ಣ ರಕ್ತ ಹಾಕಿದರೆ ಸಿಕಲ್ ಇದ್ದರೂ ಕಲಕದೆ ಹೋಗಬಹುದು. ಹಾಗಾಗಿ ಎಲ್ಲರಿಗೂ ಪ್ಯಾಕ್ಡ್ ಸೆಲ್ (ಮೇಲಿನ ದ್ರವ ತೆಗೆದು ಉಳಿದ ಕೆಂಪುಕಣ), 2 ಮಿಲಿ ದ್ರಾವಣಕ್ಕೆ 10 ಮೈಕ್ರೋಲೀಟರ್. ಕರೆಂಟ್ ಹೋದರೆ ದಿನಗಟ್ಟಲೆ ಬಾರದ ಊರು ನಮ್ಮದು, ಆದ್ದರಿಂದ ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್ ಕೊಂಡೆ, ನಾಲ್ಕು ಸಾವಿರದ ಆಸುಪಾಸು. ಟ್ಯೂಬನ್ನು ರಾತ್ರಿಯಿಡೀ ನಿಲ್ಲಿಸಿಟ್ಟರೂ ಕಣಗಳು ಚೆನ್ನಾಗಿ ಕೆಳಗಿಳಿಯುತ್ತವೆ, ಅದನ್ನೂ ಮಾಡಿ ನೋಡಿದ್ದೇನೆ. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ತಣ್ಣಗಿರುವಾಗಲೇ ಬಳಸಬೇಡಿ. ಆರು ತಿಂಗಳೊಳಗಿನ ಕೂಸಿಗೆ ಈ ಪರೀಕ್ಷೆ ಬೇಡವೇ ಬೇಡ. ದ್ರಾವಣ ಮಬ್ಬಾಗಿದೆಯೇ ಎಂದು ನೋಡಲು ಹಿಡಿಯುವ ಗೆರೆ ಕಾರ್ಡಿನ ಬದಲು ಟ್ಯೂಬಿನ ಹಿಂದೆ ಕನ್ನಡ ಪತ್ರಿಕೆಯ ತುಂಡು ಹಿಡಿದೆ: ಅಕ್ಷರ ಓದಲು ಬಾರದಿದ್ದರೆ ಪಾಸಿಟಿವ್. ಹಾಡಿಯ ಶಾಲೆಯ ಹುಡುಗರೇ ಓದಿ ಹೇಳುತ್ತಾರೆ, ಕುತೂಹಲಕ್ಕೆ ಅಪ್ಪ ಅಮ್ಮಂದಿರೂ ಕೈ ಚಾಚುತ್ತಾರೆ. ಸಂಜೆ ಕೆಲಸ ಬಿಟ್ಟ ಮೇಲೆ ಹೋದರೆ ಮಾತ್ರ ಇದು ಸಾಧ್ಯ.

ತಲೆಗೆ ಇಪ್ಪತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಪಾಸಿಟಿವ್ ಬಂದವರಿಗಷ್ಟೇ ಆರೇಳು ನೂರರ ಎಚ್‌ಪಿಎಲ್‌ಸಿ, ಏಕೆಂದರೆ ವಾಹಕ ಯಾರು, ರೋಗಿ ಯಾರು ಎಂದು ಕಲಕಿದ ಟ್ಯೂಬ್ ಹೇಳುವುದಿಲ್ಲ.

ಸಿಕಲ್ ನೆಗೆಟಿವ್ ಬಂದು ಹಿಮೋಗ್ಲೋಬಿನ್ ಏಳು ಇರುವ ಮಗುವನ್ನೂ ದಯವಿಟ್ಟು ಬಿಡಬೇಡಿ. ಬರಿಗಾಲಲ್ಲಿ ತೋಟ ಸುತ್ತುವ ಮಕ್ಕಳಿಗೆ ಕೊಕ್ಕೆಹುಳು, ಅದರಿಂದ ಕಬ್ಬಿಣದ ಕೊರತೆ. ಪುಟ್ಟ ಮಕ್ಕಳಲ್ಲಿ ಕಬ್ಬಿಣದ ಕೊರತೆಗೂ ಪಾರ್ಶ್ವವಾಯುವಿಗೂ ನಂಟಿದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಏರಿದ್ದರೆ ವರದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ವೈದ್ಯರಿಗೆ ನಾನೇ ಫೋನ್ ಮಾಡುತ್ತೇನೆ.

ಎಸ್‌ಎಸ್ ಖಚಿತವಾದ ಮಕ್ಕಳನ್ನು ಮಿದುಳಿನ ಡಾಪ್ಲರ್‌ಗೆ (ಅಲ್ಲಿನ ರಕ್ತನಾಳಗಳಲ್ಲಿ ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನ್) ಕಳುಹಿಸುವಂತೆ ಹಟ ಹಿಡಿಯಿರಿ. ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯುವಿನ ಮೊದಲ ಹೊಡೆತ 100ರಲ್ಲಿ 90ರಷ್ಟು ಪಾಲು ತಪ್ಪುತ್ತದೆ ಎಂದು 1998ರಲ್ಲೇ ತೋರಿಸಿದ್ದಾರೆ. ಜೀಪಿನ ಬಾಡಿಗೆ ಎರಡೂವರೆ ಸಾವಿರ ಕೇಳುತ್ತಾರೆ. ತೋಟದ ಮಾಲೀಕರನ್ನು ಕೇಳಿದರೆ ಕೊಡುತ್ತಾರೆ, ನನಗೆ ಇಲ್ಲ ಎಂದವರು ಕಡಿಮೆ. ಜ್ವರವಿರುವಾಗ ಕರೆದೊಯ್ಯಬೇಡಿ, ವೇಗ ಹೆಚ್ಚು ತೋರಿಸುತ್ತದೆ. ನಿದ್ದೆಗಣ್ಣಲ್ಲಿಯೂ ಹಾಗೆಯೇ. ಅತ್ತು ಏದುಸಿರು ಬಿಟ್ಟರೆ ಕಡಿಮೆ ತೋರಿಸುತ್ತದೆ. ಹೊಟ್ಟೆತುಂಬ ತಿನ್ನಿಸಿ, ಅಜ್ಜಿಯನ್ನೋ ಅವ್ವನನ್ನೋ ಪಕ್ಕದಲ್ಲಿ ಕೂರಿಸಿ.