ತೋಳ ಕುರಿ ಹಿಡಿದರೆ ಪರಿಹಾರ ಪಡೆಯುವುದು ಹೇಗೆ?

ರಾತ್ರಿ ಹಟ್ಟಿಗೆ ತೋಳ ಬಿತ್ತು. ಬೆಳಗ್ಗೆ ನೋಡಿದರೆ ಎರಡು ಕುರಿ ಸತ್ತಿವೆ. ಕುರಿಗಾಹಿ ತೋಳಕ್ಕೆ ನಾಲ್ಕು ಬೈದು, ಗುಂಡಿ ತೋಡಿ ಹೂಳುತ್ತಾನೆ. ಹಿಂಡು ಹೊಡೆದುಕೊಂಡು ಮುಂದಿನ ಊರಿಗೆ ಹೊರಡುತ್ತಾನೆ. ಪರಿಹಾರದ ರೊಕ್ಕವೂ ಅದೇ ಗುಂಡಿಗೆ ಹೋಯಿತು, ಅಲ್ವಾ?

ಹಾಗಾಗಿ ಮೊದಲ ಮಾತು: ಹೂಳಬೇಡಿ. ಎಳೆಯಬೇಡಿ, ಚರ್ಮ ಸುಲಿಯಬೇಡಿ. ಕಾಗೆ, ನಾಯಿ ಮುಟ್ಟದಂತೆ ಜಾಲಿ ಮುಳ್ಳು ಮುಚ್ಚಿ. ಹೊಲ ಕಾಣುವಂತೆ ಒಂದು ಫೋಟೊ, ಗಾಯ ಕಾಣುವಂತೆ ಇನ್ನೊಂದು ತೆಗೆಯಿರಿ. ಹೆಜ್ಜೆ ಗುರುತು ಸಿಕ್ಕರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಡಿ, ಅಳತೆ ಗೊತ್ತಾಗುತ್ತದೆ. ತೋಳ ಮರಿಯನ್ನೇ ಹೊತ್ತೊಯ್ದಿದ್ದರೆ ರಕ್ತ, ಉಣ್ಣೆ ಬಿದ್ದ ಜಾಡನ್ನಾದರೂ ಉಳಿಸಿ.

ಆಮೇಲೆ ಅರಣ್ಯ ಇಲಾಖೆಯ 1926ಕ್ಕೆ ಅಥವಾ ಗೊತ್ತಿರುವ ಗಾರ್ಡ್‌ಗೆ ಫೋನ್ ಮಾಡಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಆ ಗಡಿ ತೋಳಕ್ಕೆ ಗೊತ್ತಿಲ್ಲ. ಹೊಲದಲ್ಲಿ ಸತ್ತ ಕುರಿಗೂ ಪರಿಹಾರ ಕೇಳಬಹುದು. ಯಾದಗಿರಿಯ ಹಿಂಡು ಕಲಬುರಗಿ ಸೀಮೆಯಲ್ಲಿದ್ದಾಗ ಹೀಗಾದರೆ, ದೂರನ್ನು ಕುರಿ ಸತ್ತ ಜಾಗದ ಅರಣ್ಯ ಕಚೇರಿಗೇ ಕೊಡಬೇಕು.

ತಕರಾರು ಏಳುವುದು ನಾಯಿಯ ವಿಷಯದಲ್ಲಿ. ಬೀದಿ ನಾಯಿ ಕಚ್ಚಿದ್ದಕ್ಕೆ ಅರಣ್ಯ ಇಲಾಖೆ ಕೊಡುವುದಿಲ್ಲ. ಚಿರತೆಯಾದರೆ ಪತ್ತೆ ಸುಲಭ. ಗಂಟಲು ಹಿಡಿದಿರುತ್ತದೆ, ದುಂಡನೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಕಾಣುವುದಿಲ್ಲ. ತೋಳ, ನಾಯಿ ಎರಡರದ್ದೂ ಉಗುರು ಮೂಡುವ ಹೆಜ್ಜೆಯೇ. ನಾಯಿಗಳು ತೊಡೆ, ಹೊಟ್ಟೆ ಅನ್ನದೆ ಎಲ್ಲೆಂದರಲ್ಲಿ ಕಚ್ಚಿ, ಹೆಚ್ಚು ತಿನ್ನದೆ ಬಿಟ್ಟು ಹೋಗುವುದು ಜಾಸ್ತಿ. ಪಶು ವೈದ್ಯರು ಚರ್ಮ ಬಿಡಿಸಿ ನೋಡುತ್ತಾರೆ. ಜೀವ ಇದ್ದಾಗ ಕಚ್ಚಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ರೋಗದಿಂದ ಸತ್ತದ್ದನ್ನು ಆಮೇಲೆ ತಿಂದಿದ್ದರೆ ಹಾಗಿರುವುದಿಲ್ಲ. ಸುಳ್ಳು ಹೇಳಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಸ್ಥಳ ನೋಡಿ ಬರೆಯುವ ವರದಿಗೆ, ಅಂದರೆ ಪಂಚನಾಮೆಗೆ, ಸುಮ್ನೆ ಸಹಿ ಹಾಕಬೇಡಿ. ಓದಿಸಿ ಕೇಳಿ. ಪ್ರಾಣಿಯ ಹೆಸರು, ಸತ್ತ ಕುರಿಗಳ ಸಂಖ್ಯೆ, ಜಾಗ ಸರಿಯಾಗಿವೆಯಾ ನೋಡಿ. ಮರಣೋತ್ತರ ಪರೀಕ್ಷೆಯ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಿ ಅರ್ಜಿ ಕೊಡಿ. ಕುರಿ ಒಬ್ಬರದ್ದು, ಕಾಯುವವರು ಇನ್ನೊಬ್ಬರಾಗಿದ್ದರೆ ಅರ್ಜಿ ಮಾಲೀಕರ ಹೆಸರಲ್ಲಿರಲಿ.

ಆಕಸ್ಮಿಕವಾಗಿ ಸತ್ತ ಕುರಿಗಳಿಗೆ ಪಶುಸಂಗೋಪನೆ ಇಲಾಖೆಯ ಅನುಗ್ರಹ ಯೋಜನೆ ಬೇರೆಯೇ ಇದೆ, ಎರಡನ್ನೂ ಬೆರೆಸಬೇಡಿ. ಸಿಟ್ಟಿನಲ್ಲಿ ಸತ್ತ ಕುರಿಗೆ ವಿಷ ಹಾಕಿದರೆ ಪರಿಹಾರದ ಬದಲು ಕೇಸು ಬೀಳುತ್ತದೆ.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಹಣ ಬರುವವರೆಗೆ ಸಿಮ್ ಬದಲಿಸಬೇಡಿ.