ಫ್ರಿಡ್ಜಿನ ಬೆನ್ನು ಬಿಚ್ಚಿದ ಮೇಲೆ

ಮಲ್ಪೆಯ ಒಂದು ಮನೆಯಿಂದ ಬಂದ 165 ಲೀಟರಿನ ಹಳೇ ಸಿಂಗಲ್ ಡೋರ್ ಫ್ರಿಡ್ಜು, ನಾನು ರಿಪೇರಿ ಮಾಡಿದ ಮೇಲೆ, ಈಗ ಮೂರನೇ ಮಳೆಗಾಲ ದಾಟುತ್ತಿದೆ. ಹನ್ನೆರಡು ನಿಮಿಷ ಓಡುತ್ತದೆ, ಇಪ್ಪತ್ತು ನಿಮಿಷ ಸುಮ್ಮನಿರುತ್ತದೆ. "ಕಂಪ್ರೆಸರ್ ಹೋಗಿದೆ, ಗುಜರಿಗೆ ಹಾಕಿ ಮಾರಾಯ್ರೆ" ಎಂದವರು ಉಡುಪಿಯಲ್ಲಿ ಇಬ್ಬರು, ಮಂಗಳೂರಿನಲ್ಲಿ ಒಬ್ಬರು. ಮೂವರೂ ನನಗಿಂತ ಹಿರಿಯ ಮೆಕ್ಯಾನಿಕ್‌ಗಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ನಾನು ತಂಪು ಮಾಡುವ ಗ್ಯಾಸಿನ ಹಿಂದೆಯೇ ಬಿದ್ದಿದ್ದೆ. 2010ರ ನಂತರ ಹಳೇ ಗ್ಯಾಸು ಆರ್-12 ಕಾಣೆಯಾಗಿದ್ದರಿಂದ ಅದರ ಬದಲಿಗೆ ಬಂದ ಆರ್-134ಎ ಹಾಕಿದೆ. ಕಂಪ್ರೆಸರಿನೊಳಗಿನ ಹಳೇ ಮಿನರಲ್ ಆಯಿಲ್ ಅದರ ಜತೆ ಬೆರೆಯುವುದಿಲ್ಲ ಎಂದು ಗೊತ್ತಿದ್ದೂ ಆಯಿಲನ್ನು ಅರ್ಧಂಬರ್ಧ ತೆಗೆದೆ. ನಾಲ್ಕೇ ವಾರಕ್ಕೆ ಕ್ಯಾಪಿಲರಿ, ಅಂದರೆ ಗ್ಯಾಸು ಹಾಯುವ ಕೂದಲೆಳೆಯಂಥ ಪೈಪು, ಚೋಕ್. ಸುಮಾರು 2,800 ರೂಪಾಯಿ ಹೋಯಿತು. ಆಮೇಲೆ ಹೈಡ್ರೋಕಾರ್ಬನ್ ಬ್ಲೆಂಡ್ ಎಂಬ ಗ್ಯಾಸು. ಫ್ರಿಡ್ಜಿನ ಕಂಪನಿ ಪ್ಲೇಟಿನಲ್ಲಿ ಆರ್-12 130 ಗ್ರಾಂ ಎಂದಿದ್ದಲ್ಲಿ ಐವತ್ತರ ಆಸುಪಾಸು ಸಾಕಾಯಿತು, ಹಳೇ ಆಯಿಲೂ ಒಪ್ಪಿತು. ಈ ಗ್ಯಾಸು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಥರ್ಮೋಸ್ಟಾಟ್ ಮತ್ತು ಲೈಟಿನ ಸ್ವಿಚ್ಚು ಎರಡನ್ನೂ ಒಳಗಿನಿಂದ ತೆಗೆದು ಹೊರಗೆ ಕೂರಿಸಿದೆ, ಪೈಪಿನ ಕೊನೆಯ ಜಾಯಿಂಟನ್ನು ಬೆಂಕಿಯಿಲ್ಲದೆ, ಒತ್ತಿ ಹಿಡಿಸುವ ಲೋಕ್‌ರಿಂಗ್ ಉಂಗುರದಲ್ಲೇ ಮುಗಿಸಿದೆ. ತಂಪು ಬಂತು. ಆದರೆ ಕಟ್ ಆಫ್ ಇಲ್ಲ, ಕಂಪ್ರೆಸರ್ ತಾನಾಗಿ ನಿಲ್ಲುವುದೇ ಇಲ್ಲ, ದಿನಕ್ಕೆ ಮೂರೂವರೆ ಯೂನಿಟ್ ಕರೆಂಟು.

ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಬದಿಯ ತಗಡಿಗೆ ಕೈ ಇಟ್ಟೆ. ಫ್ರೀಜರಿನ ಮಟ್ಟದಲ್ಲಿ ಬೆವರು, ಮಣ್ಣಿನ ಹೂಜಿ ಮುಟ್ಟಿದ ಹಾಗೆ. ಬೆನ್ನಿನ ತಗಡು ಬಿಚ್ಚಿದೆ. ತಂಪು ಹೊರಹೋಗದಂತೆ ಗೋಡೆಯೊಳಗೆ ತುಂಬಿದ್ದ ಗ್ಲಾಸ್ ವೂಲ್ (ಗಾಜಿನ ಎಳೆಯ ಹತ್ತಿ) ಒದ್ದೆಯಾಗಿ ಕೆಳಗೆ ಕುಸಿದಿತ್ತು, ಮೇಲೆ ಒಂದು ಗೇಣು ಖಾಲಿ. ಹಿಂಡಿದರೆ ಕಂದು ನೀರು. ತೂಗಿದರೆ ಹನ್ನೊಂದು ಕೆ.ಜಿ.! ಆಮೇಲೆ ತುಂಬಿಸಿದ ಹೊಸದು ನಾಲ್ಕು ಕೆ.ಜಿ.ಯೂ ಇರಲಿಲ್ಲ.

ನನಗಿಂತ ಮುಂಚೆ ಯಾರೋ ಒಳಗಿನ ಸಂದಿಗೆಲ್ಲ ಸಿಲಿಕಾನ್ ಮೆತ್ತಿ, ಹೊರತಗಡಿನ ವೈರಿನ ತೂತು, ಸ್ಕ್ರೂ ತೂತುಗಳನ್ನು ಹಾಗೇ ಬಿಟ್ಟಿದ್ದರು. ನಮ್ಮ ಕರಾವಳಿಯ ತೇವ ಹೊರಗಿನಿಂದ ನುಗ್ಗುತ್ತದೆ, ತಣ್ಣನೆಯ ಒಳತಗಡಿಗೆ ತಾಗಿ ನೀರಾಗುತ್ತದೆ. ಮುಚ್ಚಬೇಕಾದದ್ದು ಹೊರಗಿನ ತೂತು.

ಹೊಸ ಗ್ಲಾಸ್ ವೂಲ್ ತುಂಬುವ ಮೊದಲು ಬೇರೆ ಗುಜರಿ ಕ್ಯಾಬಿನೆಟ್‌ಗಳ ಮೇಲೆ ಪ್ರಯೋಗ ಮಾಡಿದೆ. ಸ್ಪ್ರೇ ಫೋಮ್ ಐದು ಡಬ್ಬಿ, ಎರಡೂವರೆ ಸಾವಿರ: ಒಳಗಿನ ಗೋಡೆ ಉಬ್ಬಿ ಟ್ರೇ ಕೂರಲಿಲ್ಲ, ವಾರ ಬಿಟ್ಟು ಕೊಯ್ದರೆ ನಡುವೆ ಇನ್ನೂ ಅಂಟಂಟು. ತೆಂಗಿನ ನಾರು ಒತ್ತಿ ತುಂಬಿದ್ದು ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ಬೂಸಲು ವಾಸನೆ.

ಬಾಗಿಲ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ಹಳೇ ಫ್ರಿಡ್ಜುಗಳಲ್ಲಿ ಹಪ್ಪಳದ ಹಾಗೆ ಒಡೆಯುತ್ತದೆ. ಬಿಸಿನೀರಲ್ಲಿ ಅದ್ದಿದ ಬೈರಾಸು (ಟವೆಲ್ಲು) ಐದು ನಿಮಿಷ ಹೊದೆಸಿ, ಮೂಲೆಯಿಂದ ಬೆರಳಲ್ಲೇ ಎಬ್ಬಿಸಿದೆ. ನಾಲ್ಕೂ ಪಟ್ಟಿ ಉಳಿದವು. ಕ್ಯಾಬಿನೆಟ್ ಒಳಗೆ 60 ವ್ಯಾಟಿನ ಬಲ್ಬು ಎಂಟು ದಿನ ಉರಿಸಿ ಒಣಗಿಸಿದೆ. ತುಕ್ಕು ಉಜ್ಜಿ ಎರಡು ಕೋಟ್ ರೆಡ್ ಆಕ್ಸೈಡ್, ಹೊರತಗಡಿನ ಸಂದಿಗೆ ಅಲ್ಯೂಮಿನಿಯಂ ಟೇಪು. ತಳದ ಮೂಲೆಗಳಿಗೆ ಮೆತ್ತಿದ್ದು ಏನು, ಪೈಪು ಹೊರಬರುವ ತೂತನ್ನು ಹೇಗೆ ಕಟ್ಟಿದೆ ಎಂಬುದು ಸದ್ಯ ನನ್ನಲ್ಲೇ ಇರಲಿ; ಅದಕ್ಕೆ ಎರಡು ಮಳೆಗಾಲ ಹಿಡಿದಿದೆ.

ಈ ಒಂದಕ್ಕೆ, ಸೋತದ್ದೂ ಸೇರಿ, ಒಂಬತ್ತು ಸಾವಿರದ ಮೇಲಾಯಿತು. ಈಗ ದಿನಕ್ಕೆ ಒಂದೂವರೆ ಯೂನಿಟ್ ದಾಟುವುದಿಲ್ಲ, ಕಂಪ್ರೆಸರ್ ಅದೇ ಹಳೆಯದು. ಮಂಗಳೂರಿನ ಹಿರಿಯರು ಬಂದು, ಕಟ್ ಆಫ್ ಸದ್ದು ಕೇಳುವವರೆಗೆ ಸ್ಟೂಲಿನ ಮೇಲೆ ವಾಚು ನೋಡುತ್ತ ಕೂತರು. ಕಳೆದ ತಿಂಗಳು ತಮ್ಮ ಅಂಗಡಿಯ ಹಳೆಯದೊಂದನ್ನು ಟೆಂಪೋದಲ್ಲಿ ಕಳಿಸಿದ್ದಾರೆ. ಅದರ ಬೆನ್ನು ಇನ್ನೂ ಬಿಚ್ಚಿಲ್ಲ, ಮಳೆ ನಿಲ್ಲಲಿ.